ಮಲೆನಾಡಲ್ಲಿ ಮನೆ ಕಟ್ಟಿಸ್ತಿದ್ದೀರಾ? ಅಗ್ರಿಮೆಂಟಿನಲ್ಲಿ ಮಳೆ ಬಗ್ಗೆ ಏನಿದೆ, ಮೊದಲು ಓದಿ

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಮನೆ ಕಟ್ಟಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ಅಡ್ವಾನ್ಸ್ ಕೊಡುವ ಮುಂಚೆಯೇ ಓದಿ. ನಾನು 18 ಲಕ್ಷ ಕೊಟ್ಟು ಕೂತಿದ್ದೇನೆ. ಮನೆಗೆ ಇನ್ನೂ ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಬಿದ್ದಿಲ್ಲ.

ಮೂಡಿಗೆರೆ ಪೇಟೆಯಿಂದ ಸ್ವಲ್ಪ ಆಚೆ ನಮ್ಮ ಸೈಟ್. 12 ಚದರದ, ಅಂದರೆ 1,200 ಚದರಡಿಯ ಮನೆ. ಸಾಮಾನು ಸಮೇತ ಚದರಡಿಗೆ 2,100 ರೂಪಾಯಿಯಂತೆ ಒಟ್ಟು 25 ಲಕ್ಷದ 20 ಸಾವಿರ. ಕಂಟ್ರಾಕ್ಟರ್ ಹಾಸನದವರು. ನಮ್ಮ ಭಾವನ ಮನೆ ಕಟ್ಟಿದ್ದೂ ಇವರೇ, ಆ ಮನೆ ಚೆನ್ನಾಗಿಯೇ ಇದೆ. ನವೆಂಬರ್‌ನಲ್ಲಿ ಬಾಂಡ್ ಪೇಪರ್ ಮೇಲೆ ಅಗ್ರಿಮೆಂಟ್ ಆಯಿತು. "ಯುಗಾದಿ ಹೊತ್ತಿಗೆ ಮೋಲ್ಡ್, ಮೃಗಶಿರಾ ಮಳೆ ಹುಟ್ಟೋದ್ರೊಳಗೆ ಗೃಹಪ್ರವೇಶ ಸಾರ್" ಅಂದರು. ನಾನು ಅಳತೆ ನೋಡಿದೆ, ರೇಟ್ ನೋಡಿದೆ, ಸಿಮೆಂಟ್ ಯಾವುದು, ಕಂಬಿ ಯಾವುದು ಎಲ್ಲ ಕೇಳಿದೆ. 9ನೇ ಪಾಯಿಂಟ್ ಮೇಲೆ ಸುಮ್ನೆ ಕಣ್ಣು ಹಾಯಿಸಿ ಸೈನ್ ಹಾಕಿದೆ. ನನ್ನ ಹೆಂಡತಿ ಪಕ್ಕದಲ್ಲೇ ಕೂತು "ಅದೇನದು, ಸ್ವಲ್ಪ ಓದ್ರೀ" ಅಂದಿದ್ದಳು. "ಎಲ್ಲ ಅಗ್ರಿಮೆಂಟಲ್ಲೂ ಇರುತ್ತೆ ಬಿಡು" ಅಂದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಬೇಕು.

ಆ ಪಾಯಿಂಟ್ ಹೀಗಿದೆ: "ಮಳೆ, ಗಾಳಿ, ಮುಷ್ಕರ, ಕೂಲಿಯವರ ಅಭಾವ, ಸಾಮಗ್ರಿ ಬೆಲೆ ಏರಿಕೆ ಮುಂತಾದ ಅನಿರೀಕ್ಷಿತ ಕಾರಣಗಳಿಂದ ಕೆಲಸ ವಿಳಂಬವಾದಲ್ಲಿ ಗುತ್ತಿಗೆದಾರರು ಹೊಣೆಯಲ್ಲ."

ಮಳೆ! ಮೂಡಿಗೆರೆಯಲ್ಲಿ ಮಳೆ ಅನಿರೀಕ್ಷಿತವಂತೆ! ಅದರ ಮೇಲೆ "ಮುಂತಾದ" ಬೇರೆ. ಅದರೊಳಗೆ ಏನು ಬೇಕಾದರೂ ತುರುಕಬಹುದು.

ಲಿಂಟಲ್ ತನಕ, ಅಂದರೆ ಬಾಗಿಲು-ಕಿಟಕಿ ಮೇಲಿನ ಪಟ್ಟಿಯವರೆಗೆ, ಕೆಲಸ ಸರಿಯಾಗಿಯೇ ನಡೆಯಿತು. ಅಡ್ವಾನ್ಸ್ 2 ಲಕ್ಷ, ಪಾಯಕ್ಕೆ 5, ಲಿಂಟಲ್‌ಗೆ 5. ಮುಂದಿನ 6 ಲಕ್ಷ ಮೋಲ್ಡ್ ಹಾಕಿದ ದಿನ ಕೊಡಬೇಕು ಅಂತ ಅಗ್ರಿಮೆಂಟಲ್ಲೇ ಇತ್ತು. ಯುಗಾದಿ ಕಳೆಯಿತು. ಮೋಲ್ಡಿಗೆ ಆಸರೆಯಾಗುವ ಹಲಗೆ, ಅಂದರೆ ಸೆಂಟ್ರಿಂಗ್, ಅರ್ಧ ಕಟ್ಟಿದ್ದರು ಅಷ್ಟೆ. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಫೋನ್ ಬಂತು. "ಸಾರ್, ಕಂಬಿ ರೇಟ್ ಏರ್ತಾ ಇದೆ, ಇವತ್ತೇ ಬುಕ್ ಮಾಡ್ಬೇಕು. ನಾಳೆ ಅಂದ್ರೆ ನನಗೂ ಲಾಸು ನಿಮಗೂ ಲಾಸು." ಜೊತೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ. ಹಾರ್ಡ್‌ವೇರ್ ಅಂಗಡಿ ಮುಂದೆ ಲಾರಿ, ಲಾರಿ ತುಂಬ ಕಂಬಿ. "ನಿಮ್ದೇ ಲೋಡ್ ಸಾರ್" ಅಂತ ಬರೆದಿದ್ದರು. ಮಧ್ಯಾಹ್ನದೊಳಗೆ 6 ಲಕ್ಷ ಹಾಕಿದೆ.

ಆ ಲಾರಿ ನಮ್ಮ ಸೈಟಿಗೆ ಬರಲೇ ಇಲ್ಲ. ಈ ಫೋಟೋ ನನ್ನ ಫೋನಲ್ಲಿ ಇನ್ನೂ ಇದೆ. ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ಅಂಗಡಿ ಬಿಲ್ ಕಳಿಸಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಮೇ ತಿಂಗಳು ಪೂರ್ತಿ ಬಿಸಿಲು. ಹದಿನೈದು ದಿನ ಜನ ಬಂದಿದ್ದರೆ ಮೋಲ್ಡ್ ಮುಗಿದು, ಅದಕ್ಕೆ ನೀರುಣಿಸುವ ಕ್ಯೂರಿಂಗ್ ನಡೀತಿರುತ್ತಿತ್ತು. ಫೋನ್ ಮಾಡಿದಾಗಲೆಲ್ಲ "ಹುಡುಗ್ರು ಊರಿಗೆ ಹೋಗಿದಾರೆ, ಸೋಮವಾರ ಬರ್ತಾರೆ." ಯಾವ ಸೋಮವಾರ? ಆಮೇಲೆ ಮೇಸ್ತ್ರಿಯೇ ಬಾಯಿಬಿಟ್ಟ. ಅವನೂ ಹುಡುಗರೂ ಹಾಸನದಲ್ಲಿ ಇದೇ ಕಂಟ್ರಾಕ್ಟರಿನ ಇನ್ನೊಂದು ಸೈಟಿನಲ್ಲಿ ಇದ್ದರು. ನನ್ನ ದುಡ್ಡಲ್ಲಿ ಇನ್ಯಾರದೋ ಮನೆ ಏಳುತ್ತಿತ್ತು ಅಂತಲೇ ನನ್ನ ನಂಬಿಕೆ.

ಮೃಗಶಿರಾ ಹಿಡಿಯಿತು. ಆರಿದ್ರಾ ಬಂತು, ಪುನರ್ವಸು ಬಂತು. ಸೆಂಟ್ರಿಂಗ್ ಹಲಗೆ ನೆನೆದು ಉಬ್ಬಿದವು. ಶೆಡ್ಡಿನಲ್ಲಿದ್ದ 40 ಮೂಟೆ ಸಿಮೆಂಟ್ ಕಲ್ಲಾಯಿತು. ಆಗ ಅವರು ನನಗೆ ಹೇಳಿದ ಮಾತು: "ಮಳೆ ದೇವರ ಕೆಲಸ ಸಾರ್, ನನ್ ಕೈಲೇನಿದೆ? 9ನೇ ಪಾಯಿಂಟ್ ನೋಡಿ." ಆ ಕ್ಷಣ ನನಗೆ ಎಲ್ಲ ಗೊತ್ತಾಯಿತು. ಇದು ಮಳೆಗೆ ಸಿಕ್ಕಿ ನಿಂತ ಕೆಲಸ ಅಲ್ಲ. ಮಳೆ ಬರಲಿ ಅಂತ ಕಾದು ನಿಲ್ಲಿಸಿದ ಕೆಲಸ.

ಆಮೇಲೆ ಒಂದೊಂದೇ ಹೊಸ ನೆಪ. "ಚಾರ್ಮಾಡಿ ಘಾಟಿ ಬಂದ್ ಸಾರ್, ಟೈಲ್ಸ್ ಬರ್ತಿಲ್ಲ." ಮೋಲ್ಡೇ ಇಲ್ಲದ ಮನೆಗೆ ಟೈಲ್ಸ್ ಯಾಕೆ? ಕೊನೆಗೆ "ಎಲ್ಲ ರೇಟ್ ಏರಿದೆ, ಅಡಿಗೆ 250 ಜಾಸ್ತಿ ಮಾಡಿಕೊಡಿ, ಇಲ್ಲಾಂದ್ರೆ ಆಗಲ್ಲ." ಕಂಬಿ ರೇಟ್ ಏರುವ ಮುಂಚೆ ಬುಕ್ ಮಾಡೋಕೆ ಅಂತಲೇ ಅಲ್ವಾ 6 ಲಕ್ಷ ತಗೊಂಡಿದ್ದು?

ಚಿಕ್ಕಮಗಳೂರಿನಲ್ಲಿ ವಕೀಲರನ್ನು ಕಂಡೆ. 1872ರ ಕಾಂಟ್ರಾಕ್ಟ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಕರಾರು ಬಿದ್ದುಹೋಗುವುದು ಕೆಲಸ ಮಾಡಲು ಸಾಧ್ಯವೇ ಇಲ್ಲದಂತಾದಾಗ. ಕಷ್ಟವಾಯಿತು, ಖರ್ಚು ಜಾಸ್ತಿಯಾಯಿತು ಅನ್ನುವುದಕ್ಕೆ ಅದು ಒದಗುವುದಿಲ್ಲ. 2017ರ ಎನರ್ಜಿ ವಾಚ್‌ಡಾಗ್ ಕೇಸಿನಲ್ಲಿ ವಿದೇಶಿ ಕಲ್ಲಿದ್ದಲಿನ ಬೆಲೆ ಏರಿದ್ದನ್ನೂ ಅಂಥ ಕಾರಣ ಅಂತ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ ಅಂತ ಅವರು ವಿವರಿಸಿದರು. ಕೇಳಿ ಜೀವ ಬಂತು. ಆದರೆ ಮುಂದಿನ ಮಾತಿಗೆ ಮತ್ತೆ ಕುಸಿದೆ. ಅಗ್ರಿಮೆಂಟಿನಲ್ಲೇ ಇಂಥ ಪಾಯಿಂಟ್ ಇದ್ದರೆ ಮೊದಲು ಅದನ್ನೇ ನೋಡುತ್ತಾರಂತೆ. ನಾನು ಸೈನ್ ಹಾಕಿದ್ದು ಅಂಥ ಪಾಯಿಂಟಿಗೇ. ಮೇ ತಿಂಗಳಲ್ಲಿ ಮಳೆ ಇರಲಿಲ್ಲ, ಜನ ಬೇರೆ ಸೈಟಿನಲ್ಲಿದ್ದರು ಅಂತ ತೋರಿಸುವುದೊಂದೇ ಈಗ ನನಗಿರುವ ದಾರಿ.

ನೀವು ಹೀಗೆ ಸಿಕ್ಕಿಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳೇ ಹೋದವು. ಅದು ವಿಕೋಪ. ಅದಕ್ಕೆ ರಿಯಾಯಿತಿ ಬರೆಯಿರಿ, ನ್ಯಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾಮೂಲಿ ಮಳೆ ನೆಪವಲ್ಲ ಅಂತಲೂ ಬರೆಯಿರಿ. "ಮುಂತಾದ" ಅನ್ನುವುದನ್ನು ಅವರ ಎದುರೇ ಹೊಡೆದುಹಾಕಿ, ಪಕ್ಕದಲ್ಲಿ ಇಬ್ಬರೂ ಸೈನ್ ಹಾಕಿ. ಕೆಲಸ ನಿಂತರೆ ಇಷ್ಟು ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು ಅಂತ ಇರಲಿ. ರೇಟ್ ಏರಿದರೆ ಯಾರು ತುಂಬಬೇಕು ಅನ್ನುವುದೂ ಇರಲಿ. ಮೋಲ್ಡಿನ ದುಡ್ಡು ಮೋಲ್ಡ್ ಬಿದ್ದ ಮೇಲೆಯೇ, ಯಾರು ಏನೇ ಫೋಟೋ ಕಳಿಸಲಿ.

ಈಗಾಗಲೇ ಸಿಕ್ಕಿಕೊಂಡಿದ್ದರೆ, ಮನೆ ಕಟ್ಟಿಕೊಡುವುದೂ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಸೇವೆಯೇ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎರಡು ವರ್ಷದೊಳಗೆ ಹೋಗಬೇಕು. ಮೆಸೇಜು, ಫೋಟೋ ಯಾವುದನ್ನೂ ಅಳಿಸಬೇಡಿ.

ನಾನು ನೋಟಿಸ್ ಕೊಟ್ಟಿದ್ದೇನೆ. ಸಾಲದ ಕಂತು, ಬಾಡಿಗೆ ಎರಡೂ ಕಟ್ಟುತ್ತಿದ್ದೇನೆ. ಮೊನ್ನೆ ಟಾರ್ಪಾಲ್ ಸರಿಮಾಡಲು ಸೈಟಿಗೆ ಹೋದಾಗ ಅವರ ಮೆಸೇಜ್ ಬಂತು: "ಮಳೆ ಬಿಡ್ಲಿ ಸಾರ್, ನೋಡೋಣ." ಅವತ್ತು ಮೂಡಿಗೆರೆಯಲ್ಲಿ ಒಳ್ಳೇ ಬಿಸಿಲಿತ್ತು. ಆ ಬಿಸಿಲಲ್ಲೇ ಗೋಡೆಗಳ ಫೋಟೋ ತೆಗೆದು, ತಾರೀಕು ಸಮೇತ ವಕೀಲರಿಗೆ ಕಳಿಸಿದೆ.