ನನ್ನ ಮತ ಮಹಾಬಳೇಶ್ವರದ ರಾಸ್ಪ್‌ಬೆರಿ ಪಾಕಕ್ಕೆ

ಸಾದಾ ಗೋಧಿ ಬಿಯರ್‌ಗೆ ಮನೆಯಲ್ಲಿ ಕಾಸಿದ ರಾಸ್ಪ್‌ಬೆರಿ ಪಾಕ ಬೆರೆಸಿ ಕುಡಿಯುವುದೇ ನನಗೆ ಸರಿ ಎನಿಸಿದೆ. ಹೊರದೇಶದಿಂದ ಬಾಟಲಿಯಲ್ಲಿ ಬರುವ ಗುಲಾಬಿ ಬಣ್ಣದ ರಾಸ್ಪ್‌ಬೆರಿ ಗೋಧಿ ಬಿಯರ್, ಪುಣೆಯ ಬ್ರೂವರಿಯಲ್ಲಿ ತಯಾರಾಗಿ ಅಲ್ಲೇ ಲೋಟಕ್ಕಿಳಿಯುವ ಅದೇ ಹಣ್ಣಿನ ಬಿಯರ್, ಎರಡನ್ನೂ ಹಣ ಕೊಟ್ಟು ಕುಡಿದು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಬಾಟಲಿಯ ಕಥೆ ಮೊದಲು. ನಮ್ಮ ಮನೆಯ ಹತ್ತಿರದ ವೈನ್ ಶಾಪಿನವನು ಅದನ್ನು ಗಾಜಿನ ಬಾಗಿಲಿನ ಫ್ರಿಜ್‌ನಲ್ಲಿ, ಬಿಳಿ ಟ್ಯೂಬ್‌ಲೈಟಿನ ಕೆಳಗೆ, ಮುಂದಿನ ಸಾಲಿನಲ್ಲೇ ಇಟ್ಟಿದ್ದ. ಬಾಟಲಿಯೂ ಬಣ್ಣವಿಲ್ಲದ ಗಾಜಿನದು. ಒಳಗಿನ ಗುಲಾಬಿ ಬಣ್ಣವೇ ಕೈಬೀಸಿ ಕರೆಯುತ್ತಿತ್ತು. ನಾಲ್ಕು ತಂದೆ. ಸಾವಿರದ ಇನ್ನೂರು ರೂಪಾಯಿ ಕೈಬಿಟ್ಟಿತು.

ಸುರಿದಾಗ ನೊರೆ ಚೆನ್ನಾಗಿಯೇ ಎದ್ದಿತು. ಮೂಗಿನ ಹತ್ತಿರ ಒಯ್ದರೆ ಇಂಗಿನ ಡಬ್ಬಿ ತೆರೆದ ಹಾಗೆ! ಹಣ್ಣಿನ ಪರಿಮಳ ಅದರ ಹಿಂದೆ ಎಲ್ಲೋ ಅಡಗಿತ್ತು. ನೆಗಡಿಯಿಂದ ಹೀಗಾಗುತ್ತಿದೆಯೇನೋ ಎಂದುಕೊಂಡು ಲೋಟವನ್ನು ಹೆಂಡತಿಯ ಮುಂದೆ ಹಿಡಿದೆ. ಅವಳು ಮೂಸಿದವಳೇ ಮುಖ ಹಿಂದೆಳೆದುಕೊಂಡು, “ರೀ, ಇದಕ್ಕೆ ಇಂಗು ಹಾಕುತ್ತಾರೆಯೇ?” ಎಂದಳು.

ಇಂಗಲ್ಲ, ಬೆಳಕು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಬೆಳಕು ಬಿದ್ದರೆ ಒಡೆಯುತ್ತದೆ. ಒಡೆದದ್ದು ಬಿಯರ್‌ನಲ್ಲೇ ಇರುವ ಗಂಧಕದ ಅಂಶದೊಂದಿಗೆ ಸೇರಿ ಥಯೋಲ್ ಎಂಬ ವಸ್ತುವಾಗುತ್ತದೆ. ಇಂಗಿನ ಘಾಟಿಗೂ ಗಂಧಕದ ಸಂಯುಕ್ತಗಳೇ ಕಾರಣ; ಅವಳ ಮೂಗು ತಪ್ಪು ಹೇಳಿರಲಿಲ್ಲ. ಈ ಥಯೋಲ್ ಲಕ್ಷ ಕೋಟಿಗೆ ಕೆಲವೇ ಪಾಲು ಇದ್ದರೂ ವಾಸನೆ ಹೊಡೆಯುತ್ತದೆ. ಗೋಧಿ ಬಿಯರ್‌ಗೆ ಹಾಪ್ಸ್ ಹಾಕುವುದೇ ಕಡಿಮೆ, ಅಷ್ಟೇ ಸಾಕಾಯಿತು. ಕಂದು ಗಾಜು ಈ ಹಾನಿಯನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜು ಇದ್ದೂ ಇಲ್ಲದಂತೆ. ಕುಡಿಯುವವರನ್ನು ಸೆಳೆಯಲೆಂದು ಆರಿಸಿದ ಗಾಜೇ ಒಳಗಿನದನ್ನು ಕೆಡಿಸಿದ್ದು ನನಗೆ ನಿಜವಾಗಿಯೂ ಸಿಟ್ಟು ತರಿಸಿತು.

ಅಂಗಡಿಯವನು ಬದಲಿಸಿ ಕೊಡಲು ಒಪ್ಪಲಿಲ್ಲ. “ಕಾಕಾ, ಇದು ಇಂಪೋರ್ಟೆಡ್, ಇದರ ವಾಸನೆಯೇ ಹೀಗೆ” ಎಂದ. ಹಾಗಿರಲಾರದು ಎಂದು ಮುಚ್ಚಿದ್ದ ರಟ್ಟಿನ ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆಸಿ, ಅದಕ್ಕೂ ಹಣ ಕೊಟ್ಟು, ಪೇಪರಿನಲ್ಲಿ ಸುತ್ತಿ ತಂದೆ. ಅದರಲ್ಲಿ ಇಂಗಿನ ಸುಳಿವೇ ಇಲ್ಲ. ಬೆಲ್ಜಿಯಂ ಶೈಲಿಯ ಗೋಧಿ ಬಿಯರ್‌ಗೆ ಹಾಕುವ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯ ತಿಳಿಯಾದ ಘಮ. ಆಮೇಲೆ ಮುಂಬೈಯ ಪಾರ್ಸಿ ಊಟದಲ್ಲಿ ಕೊಡುವ ಕೆಂಪು ರಾಸ್ಪ್‌ಬೆರಿ ಸೋಡಾದಂಥ ಸಿಹಿ. ಎರಡು ಗುಟುಕಿಗೆ ಹಿತ, ಮೂರನೆಯದಕ್ಕೆ ಬಾಯಿ ಕಟ್ಟುತ್ತದೆ. ಮೊದಲು ತಂದವುಗಳಲ್ಲಿ ಉಳಿದ ಮೂರನ್ನು ಸಿಂಕಿಗೆ ಸುರಿದೆ.

ಬ್ರೂವರಿಯ ಬಿಯರ್ ಬಗ್ಗೆ ದೂರಿಲ್ಲ. 2009ರಲ್ಲೇ ಡೂಲಾಲಿ ಎಂಬ ಬ್ರೂವರಿ ಶುರುವಾದ ಊರಿದು, ತಾಜಾ ಗೋಧಿ ಬಿಯರ್ ಇಲ್ಲಿನವರಿಗೆ ಹೊಸದಲ್ಲ. ನಾನು ಕುಡಿದ ಕಡೆ ಬಿಯರ್ ಹುದುಗು ಬರುವಾಗಲೇ ಹಣ್ಣನ್ನು ಹಾಕುತ್ತಾರೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದುಬಿಡುವುದರಿಂದ ಹುಳಿಯೂ ಬೀಜ ಕಚ್ಚಿದಾಗಿನ ಒಗರೂ ಉಳಿಯುತ್ತವೆ. ಒಳ್ಳೆಯ ರುಚಿ, ಗಂಭೀರ ರುಚಿ. ಆದರೆ ಕುಡಿದು ಗಾಡಿ ಓಡಿಸುವ ಮಾತೇ ಇಲ್ಲ, ನಾವಿರುವ ಕೊಥ್ರೂಡ್‌ನಿಂದ ಹೋಗಿಬರುವ ಕ್ಯಾಬ್ ಬಾಡಿಗೆ ಬಿಯರ್‌ಗಿಂತ ಹೆಚ್ಚು. ಧಾರವಾಡದಿಂದ ಭಾವ ಬಂದಾಗ ಹೋಗುತ್ತೇವೆ.

ಇನ್ನು ನನ್ನದು. ಇದು ಮೂಲತಃ ಬರ್ಲಿನ್‌ನವರ ಕ್ರಮ. ಅಲ್ಲಿನ ‘ಬರ್ಲಿನರ್ ವೈಸೆ’ ಹುಳಿಯಾದ ಗೋಧಿ ಬಿಯರ್, ಮದ್ಯಾಂಶ ಶೇ 3ರ ಆಸುಪಾಸು. ಕುಡಿಯುವ ಹೊತ್ತಿಗೆ ಅದಕ್ಕೆ ರಾಸ್ಪ್‌ಬೆರಿ ಪಾಕ ಬೆರೆಸುತ್ತಾರೆ. ಆ ಹುಳಿ ದೋಸೆ ಹಿಟ್ಟಿನ ಹುಳಿಯ ಬಳಗದ್ದೇ, ಲ್ಯಾಕ್ಟಿಕ್ ಆಮ್ಲದ್ದು. ನನಗೆ ಇಲ್ಲಿ ಕ್ಯಾನ್‌ನಲ್ಲಿ ಸಿಗುವ ಗೋಧಿ ಬಿಯರ್‌ನಲ್ಲಿ ಹುಳಿಯಿಲ್ಲ, ಆರೇಳು ಹನಿ ನಿಂಬೆರಸ ಹಾಕಿಕೊಳ್ಳುತ್ತೇನೆ. ಕ್ಯಾನ್ ಆದ್ದರಿಂದ ಬೆಳಕಿನ ಭಯವೂ ಇಲ್ಲ.

ಹಣ್ಣು ಮಹಾಬಳೇಶ್ವರದ್ದು. ಮಾರ್ಚ್‌ನಲ್ಲಿ ಪಸರಣಿ ಘಾಟ್ ಹತ್ತಿ ಹೋದಾಗ ರಸ್ತೆ ಬದಿಯಲ್ಲಿ ಸಣ್ಣ ಡಬ್ಬಿಗಳಲ್ಲಿ ಕೊಳ್ಳುತ್ತೇನೆ. ಒಳಗೆ ಟೊಳ್ಳಾದ ಈ ಹಣ್ಣು ಬೆರಳ ತುದಿಗೆ ಟೊಪ್ಪಿಗೆಯಂತೆ ಕೂರುತ್ತದೆ, ತುಸು ಒತ್ತಿದರೂ ರಸ ಮಣಿಕಟ್ಟಿಗೆ ಇಳಿಯುತ್ತದೆ. ಮರುದಿನಕ್ಕೆ ನಿಲ್ಲದು, ಮನೆ ಮುಟ್ಟಿದ ರಾತ್ರಿಯೇ ಕಾಸಬೇಕು. ಕಾಲು ಕಿಲೋಗೆ 200 ಗ್ರಾಂ ಸಕ್ಕರೆ, ಹತ್ತು ನಿಮಿಷ ಸಣ್ಣ ಉರಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸುವುದು. ಮಿಕ್ಸಿಗೆ ಹಾಕಬಾರದು, ಬೀಜ ಒಡೆದರೆ ಒಗರು ಬಿಡುತ್ತದೆ.

ಪಾಕ ಭಾರ, ತಳಕ್ಕೆ ಇಳಿಯುತ್ತದೆ. ಚಮಚದಿಂದ ಕದಡಿದರೆ ನೊರೆ ಉಕ್ಕಿ ಮೇಜಿನ ಮೇಲೆ ಹರಿಯುತ್ತದೆ. ಅದಕ್ಕೇ ಮೊದಲು ಎರಡು ಚಮಚ ಪಾಕ ಮತ್ತು ನಿಂಬೆ, ಮೇಲೆ ಕಾಲು ಲೋಟ ಬಿಯರ್. ಲೋಟವನ್ನು ಮೆಲ್ಲಗೆ ತಿರುವಿ ಪಾಕ ಕರಗಿದ ಮೇಲೆ ಉಳಿದ ಬಿಯರನ್ನು ಓರೆಯಾಗಿ ಸುರಿಯುತ್ತೇನೆ. ಬೀಟ್‌ರೂಟ್ ಮೊಸರುಬಜ್ಜಿಯ ಅಂಚಿನ ಗುಲಾಬಿ ಬಣ್ಣ ಬರುತ್ತದೆ. ಮೂಗಿಗೆ ಹಣ್ಣು, ನಾಲಿಗೆಗೆ ಹುಳಿ, ಗಂಟಲಿಗಿಳಿಯುವಾಗ ಹಸಿ ಗೋಧಿ ಹಿಟ್ಟಿನ ತಂಪು. ಸಿಹಿ ಎಷ್ಟಿರಬೇಕೆಂಬುದು ನನ್ನ ಕೈಯಲ್ಲೇ ಇದೆ.

ನಾವು ಶನಿವಾರ ಸಂಜೆ ಮಾತ್ರ ಕುಡಿಯುವವರು, ಇಬ್ಬರಿಗೂ ಸೇರಿ ಒಂದೇ ಕ್ಯಾನ್, ಜೊತೆಗೆ ಗಿರ್ಮಿಟ್. ಒಂದು ಸಲ ಕಾಸಿದ ಪಾಕ ಎಂಟು ಲೋಟಕ್ಕೆ ಬರುತ್ತದೆ. ಆ ಐದು ಬಾಟಲಿಗೆ ಕೊಟ್ಟ ಹಣದಲ್ಲಿ ಹಣ್ಣು, ಸಕ್ಕರೆ, ಎಂಟು ಲೋಟಕ್ಕಾಗುವ ಕ್ಯಾನ್‌ಗಳು ಎಲ್ಲವೂ ಬಂದು ಇನ್ನೂ ಉಳಿಯುತ್ತಿತ್ತು. ಈಗ ಫ್ರಿಜ್‌ನ ಬಾಗಿಲಿನಲ್ಲಿ ಎರಡು ಲೋಟಕ್ಕಾಗುವಷ್ಟು ಪಾಕ ಉಳಿದಿದೆ, ಒಂದನ್ನು ಭಾವನಿಗಾಗಿ ಎತ್ತಿಟ್ಟಿದ್ದೇನೆ.