ಅಕ್ಷರ ಕೆತ್ತುವ ಕಾರವಾರದ ಕಲ್ಲಿನ ಅಂಗಡಿ

ತೀರಿಕೊಂಡ ನಮ್ಮ ಅಕ್ಕನ ನೆನಪಿಗೆ, ಅವಳು ಪಾಠ ಹೇಳಿದ ಶಾಲೆಯ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಹಳೆಯ ವಿದ್ಯಾರ್ಥಿಗಳು ಅಪೇಕ್ಷಿಸಿದಾಗ, ಆ ಕೆಲಸವನ್ನು ಕಾರವಾರದ ಹೆದ್ದಾರಿ ಬದಿಯ ಒಂದು ಕಲ್ಲುಕೆತ್ತನೆಯ ಅಂಗಡಿಗೆ ಒಪ್ಪಿಸಿದೆವು. ಭಾವಚಿತ್ರವಾಗಲಿ ದೀಪದ ಚಿತ್ರವಾಗಲಿ ಬೇಡ, ತರಗತಿಯಲ್ಲಿ ಅವಳು ದಿನವೂ ಹೇಳುತ್ತಿದ್ದ ‘ಮಕ್ಕಳೇ, ನಿಧಾನಕ್ಕೆ ಓದಿ’ ಎಂಬ ಮಾತು ಮತ್ತು ಅದರ ಕೆಳಗೆ ಅವಳ ಹೆಸರು ಇದ್ದರೆ ಸಾಕು ಎಂದು ತಿಳಿಸಿದ್ದೆವು. ಶಿಲ್ಪವೆಂದರೆ ಅಕ್ಷರವಷ್ಟೇ ಆದಾಗ ಅದರ ಆಳ ಮತ್ತು ಅಂತರವೇ ಎಲ್ಲ. ಅದನ್ನು ಬಲ್ಲವರು ಇವರು.

ಶಾಲೆಯ ಗೋಡೆಗೆ ಹೊಂದಲೆಂದು ಚಿರೇಕಲ್ಲಿನಲ್ಲೇ ಮಾಡಿಸುವ ಮನಸ್ಸು ನಮಗಿತ್ತು. ಮೈತುಂಬ ರಂಧ್ರಗಳಿರುವ ಆ ಕಲ್ಲಿನಲ್ಲಿ ಸಣ್ಣ ಗೆರೆ ನಿಲ್ಲುವುದಿಲ್ಲ, ಕರಾವಳಿಯ ಮಳೆಗೆ ಅಂಚು ಬೇಗ ಸವೆಯುತ್ತದೆ ಎಂದು ಹೇಳಿ ಅವರು ಕರಿ ಗ್ರಾನೈಟ್ ಸೂಚಿಸಿದರು. ಆ ಸಲಹೆ ಸರಿಯಾಗಿತ್ತು. ಕಂಪ್ಯೂಟರಿನಲ್ಲಿ ಜೋಡಿಸಿದ ಅಕ್ಷರಗಳನ್ನು ರಬ್ಬರ್ ಹಾಳೆಯಲ್ಲಿ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಗಾಳಿಯ ಒತ್ತಡದಲ್ಲಿ ಮರಳು ಹಾಯಿಸುವ ಈಗಿನ ಕ್ರಮವೇ ಇಲ್ಲಿಯೂ ಇದೆ. ಆದರೆ ಒತ್ತಕ್ಷರಗಳನ್ನು ಕೊನೆಗೆ ಉಳಿಯಿಂದ ತಿದ್ದುತ್ತಾರೆ. ನಮ್ಮ ಮಾದರಿಯಲ್ಲಿ ‘ಮಕ್ಕಳೇ’ ಎಂಬಲ್ಲಿನ ಒತ್ತು ಮೇಲಿನ ಕಕಾರಕ್ಕೆ ತಾಗುವಷ್ಟು ಹತ್ತಿರವಿತ್ತು. ನಡುವಿನ ತೆಳು ಕಲ್ಲು ಉದುರಿದರೆ ಎರಡೂ ಕಲಸಿಹೋಗುತ್ತವೆ. ‘ಅಕ್ಕೋರ ಮಾತು, ಮಕ್ಕಳಿಗೆ ಓದಲು ಬರಬೇಕಲ್ಲ’ ಎನ್ನುತ್ತ ಹಿರಿಯ ಕೆಲಸಗಾರರು ಒತ್ತನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ಸಾಲುಗಳ ಅಂತರವನ್ನೂ ಹೆಚ್ಚಿಸಿದರು. ಈಗ ಇಳಿಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಅಕ್ಷರದ ತಗ್ಗಿನಲ್ಲೂ ನೆರಳು ತುಂಬಿ, ಮಾತು ದೂರದಿಂದಲೇ ಓದಲು ಸಿಗುತ್ತದೆ.

ನನ್ನ ಆಕ್ಷೇಪ ಒಂದೇ: ನಮ್ಮನ್ನು ಕೇಳದೆ ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬಿದ್ದರು. ಮಾಯಾ ಲಿನ್ ರೂಪಿಸಿದ, 1982ರಲ್ಲಿ ವಾಷಿಂಗ್ಟನ್ನಿನಲ್ಲಿ ಲೋಕಾರ್ಪಣೆಗೊಂಡ ವಿಯೆಟ್ನಾಂ ಯುದ್ಧ ಸ್ಮಾರಕದಲ್ಲಿ 58 ಸಾವಿರಕ್ಕೂ ಮಿಕ್ಕ ಹೆಸರುಗಳಿವೆ. ಹೊಳಪಿನ ಕರಿಕಲ್ಲಿನ ಮೇಲೆ ಒರಟಾಗಿ ತೆರೆದುಕೊಂಡ ಬೂದು ಬಣ್ಣವೇ ಓದಲು ಸಾಕಾಗಿದೆ, ಬಂದವರು ಬೆರಳಿಟ್ಟು ಹೆಸರನ್ನು ಸವರಲೂಬಹುದು. ನಮ್ಮ ನಾಡಿನ ವೀರಗಲ್ಲುಗಳಲ್ಲಿಯೂ ಚಿತ್ರದ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಮಡಿದವನ ವೃತ್ತಾಂತ ಬರಿಯ ಉಳಿಗೆರೆಯಲ್ಲಿಯೇ ಇದೆ. ಅಕ್ಕನ ಮಾತಿಗೆ ಹೊರಗಿನ ಮೆರುಗು ನಮಗೆ ಬೇಡವಾಗಿತ್ತು. ವಿವರಿಸಿದಾಗ ಅವರು ಬೇಸರಿಸದೆ ಬಣ್ಣ ತೆಗೆದುಕೊಟ್ಟರು, ಹೆಚ್ಚಿನ ಹಣವನ್ನೂ ಕೇಳಲಿಲ್ಲ.

ಸಾಗಣೆ ಮತ್ತು ನಿಲ್ಲಿಸುವ ಕೆಲಸ ಹೇಳಿದ ದಿನಕ್ಕೇ ಮುಗಿಯಿತು. ಇಲ್ಲಿ ಕಲ್ಲು ಮಾಡಿಸುವವರು ಬಣ್ಣದ ವಿಷಯವನ್ನು ಮೊದಲೇ ಹೇಳಿಬಿಡಬೇಕು ಮತ್ತು ಪೂರ್ಣ ಅಳತೆಯ ಕಾಗದದ ಮಾದರಿಯನ್ನು ಪಡೆದು ಕಾಗುಣಿತವನ್ನು ಮನೆಯವರೆಲ್ಲ ಕುಳಿತು ನೋಡಬೇಕು.