ಹಳ್ಳಿ ಮನೆ ಜಾಗಕ್ಕೆ ದಿಶಾಂಕ್ ಆಪ್: ಎಷ್ಟು ನಂಬಬಹುದು?

ಹಳೇ ಮನೆ ಕೆಡವಿ ಹೊಸದು ಕಟ್ಟಲು ಹಳ್ಳಿಯಲ್ಲಿ ಜಾಗ ಹುಡುಕುವವರ ಫೋನಿನಲ್ಲಿ ಸರ್ವೆ ನಂಬರ್ ತೋರಿಸುವ ಕರ್ನಾಟಕ ಸರ್ಕಾರದ ಆಪ್ ದಿಶಾಂಕ್ ಇರಲೇಬೇಕು, ಪುಕ್ಕಟೆ ಬೇರೆ. ಜಾಗದಲ್ಲೇ ನಿಂತು ಲೊಕೇಶನ್ ಆನ್ ಮಾಡಿದರೆ ಸರ್ವೆ ನಂಬರ್ ಬರುತ್ತದೆ. ಮಾರುವವರು ಹೇಳಿದ ನಂಬರಿಗೆ ಅದು ತಾಳೆಯಾಗದಿದ್ದರೆ ಮುಂಗಡ ಕೊಡಬೇಡಿ. ಗೋಮಾಳ, ಕೆರೆ ಅಂಗಳದಂಥ ಸರ್ಕಾರಿ ಜಾಗಗಳು ಎಷ್ಟೋ ಸಲ ಇಲ್ಲೇ ಸಿಕ್ಕಿಬೀಳುತ್ತವೆ.

ಗಡಿಗೆರೆ ಮಾತ್ರ ನಂಬುವಂಥದ್ದಲ್ಲ. ಹಳೇ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿರುವುದರಿಂದ ಕೆಲವು ಮೀಟರ್ ಆಚೀಚೆ ಆಗುತ್ತದೆ. ಬೇಲಿ ಹಾಕಲು ಸರ್ವೇಯರೇ ಬರಬೇಕು.

ಗ್ರಾಮಠಾಣಾ (ಊರಿನ ಮನೆಗಳಿರುವ ಜಾಗ) ಒಳಗಂತೂ ಮನೆಮನೆಯ ಗಡಿಗೆ ಇದು ಪ್ರಯೋಜನವಿಲ್ಲ. ಅಲ್ಲಿ ಇ-ಸ್ವತ್ತಿನ (ಗ್ರಾಮ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9, 11ಎ ಕೇಳಿ, ಅದರಲ್ಲಿರುವ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಅಳತೆಯನ್ನು ಟೇಪ್ ಹಿಡಿದು ನೋಡಿ. ಬರೀ ಕಂದಾಯ ರಸೀದಿ ತೋರಿಸಿ ‘ಖಾತೆ ಇದೆ ಸಾರ್’ ಅಂದರೆ ಒಪ್ಪಬೇಡಿ.